ಬಾರದೆ ಹೋದ ಸೇಡಂ

ನಾನು ಇದುವರೆಗೆ ವಿಮಾನ ಹತ್ತಿದವಳಲ್ಲ. ಆದರೆ ಹತ್ತುವವರನ್ನು ಬಿಟ್ಟುಬರುವುದರಲ್ಲಿ ಚಿತ್ತಾಪುರದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕೆಲವರಿಗೆ ಮಂದಿಯ ಮದುವೆಯಲ್ಲಿ ಬಡಿಸುವ ಹುಚ್ಚು ಇರುತ್ತದೆ, ಕೆಲವರಿಗೆ ಯಾರದೋ ಮನೆಯ ಜಗಳ ಬಿಡಿಸುವ ಹುಚ್ಚು, ನನಗೆ ಇದು. ನಮ್ಮ ಕಡೆಯಿಂದ ಸಮುದ್ರ ದಾಟುವವರು ಹೈದರಾಬಾದಿಗೆ ಹೋಗಿ ಹಾರಬೇಕು. ಓಣಿಯಲ್ಲಿ ಯಾರಾದರೂ ಹೊಸ ಸೂಟ್‌ಕೇಸು ತಂದರೆಂದು ಕಿವಿಗೆ ಬಿದ್ದರೆ ಸಾಕು, ನಾನು ಹೋಗಿ ನನ್ನ ಕಾರಿನ ಚಕ್ರಗಳಿಗೆ ಗಾಳಿ ತುಂಬಿಸಿಕೊಂಡು ಬಂದುಬಿಡುತ್ತೇನೆ. ನಿಲ್ದಾಣದ ಬಾಗಿಲಲ್ಲಿ ಅವರನ್ನು ಇಳಿಸಿ, ಗಾಜಿನ ಆಚೆ ಅವರು ಸಣ್ಣಗಾಗುತ್ತ ಹೋಗುವುದನ್ನು ನೋಡುತ್ತ ನಿಂತರೆ ನನಗೂ ಎಲ್ಲಿಗೋ ಹೋಗಿಬಂದಷ್ಟು ಸಮಾಧಾನ.

ಕಾರಣ ಹುಡುಕಬಹುದು. ಜೀವಮಾನವಿಡೀ ಭೂಗೋಳ ಕಲಿಸಿದವಳು ನಾನು. ಸಹಾರಾದ ಖರ್ಜೂರ, ಬ್ರೆಜಿಲ್ಲಿನ ಕಾಫಿ, ಎಲ್ಲವನ್ನೂ ಗೋಡೆಯ ನಕಾಶೆಯ ಮೇಲೆ ಬೆತ್ತ ಇಟ್ಟು ತೋರಿಸಿದ್ದೇನೆ, ಒಂದನ್ನೂ ಕಂಡಿಲ್ಲ. ನಮ್ಮ ಕಡೆ ಶಾಲೆಯ ಮೇಡಮ್ಮನನ್ನು ಅಕ್ಕೋರು ಅನ್ನುವುದು ರೂಢಿ. ನಿವೃತ್ತಿಯಾದ ಮೇಲೂ ಓಣಿಗೆಲ್ಲ ನಾನು ಅಕ್ಕೋರೇ. ಭೂಗೋಳದ ಅಕ್ಕೋರು ದಾರಿ ತಪ್ಪಲಾರರೆಂದು ಜನ ನಂಬಿದ್ದಾರೆ. ಆ ನಂಬಿಕೆಗೆ ನಾನೂ ಹೆಚ್ಚು ಧಕ್ಕೆ ತಂದಿರಲಿಲ್ಲ, ಮೊನ್ನೆಯವರೆಗೆ.

ಮೊದಲಿನ ದಾರಿ ಹೇಗಿತ್ತು ಅನ್ನುವುದು ಸೊಂಟ ನೆಟ್ಟಗಿರುವ ಯಾರಿಗೂ ಗೊತ್ತಾಗುವುದಿಲ್ಲ. ಶಹಾಬಾದಿನ ಕಲ್ಲು ಹೇರಿದ ಲಾರಿಗಳು, ವಾಡಿಯ ಸಿಮೆಂಟು ಹೊತ್ತ ಟ್ಯಾಂಕರುಗಳು ಮುಂದೆ ಮುಂದೆ ಹೋದರೆ ನಾವು ಅವುಗಳ ಧೂಳು ಕುಡಿಯುತ್ತ ಹಿಂದೆ. ಪ್ರತಿಯೊಂದು ಊರೂ ರಸ್ತೆಯನ್ನು ಕೈಹಿಡಿದು ತನ್ನ ಸಂತೆಯೊಳಗೆ ಎಳೆದುಕೊಳ್ಳುತ್ತಿತ್ತು. ಈಗ ಹಾಗಿಲ್ಲ. ಊರುಗಳ ಹೊರಗಿನಿಂದ ಬೈಪಾಸುಗಳಾಗಿವೆ, ಆ ತುದಿಯಲ್ಲಿ ಹೈದರಾಬಾದಿನ ವರ್ತುಲ ರಸ್ತೆಗೆ ಸೇರುವ ಹೊಸ ದಾರಿ ತೆರೆದಿದೆ. ಬೆಳಗಿನ ಮಂಜಿನಲ್ಲಿ ತೊಗರಿ ಹೊಲಗಳ ನಡುವೆ ಕಾರು ಹೊರಟರೆ ಚಕ್ರ ನೆಲ ಮುಟ್ಟುತ್ತಿದೆಯೋ ಇಲ್ಲವೋ ಅನ್ನಿಸುತ್ತದೆ. ಹಾರಲು ವಿಮಾನವೇ ಯಾಕೆ ಬೇಕು ಎಂದು ನಾನು ಒಂದೆರಡು ಸಲ ಗಟ್ಟಿಯಾಗಿ ಹೇಳಿದ್ದೂ ಉಂಟು.

ಮೊನ್ನೆ ಹೊರಟವರು ಪಕ್ಕದ ಮನೆಯ ಜೈತುನ್‌ಬೀ ಆಪಾ ಮತ್ತು ಅವರ ಗಂಡ ಇಸ್ಮಾಯಿಲ್ ಭಾಯ್. ಉಮ್ರಾಕ್ಕೆಂದು ಮಕ್ಕಾ ಯಾತ್ರೆ. ಆಪಾ ಊರೆಲ್ಲರ ಕುಬಸ ಹೊಲಿದವರು. ಯಾತ್ರೆಗೆ ಹೋಗುವ ಮುಂಚೆ ಕಂಡವರಲ್ಲೆಲ್ಲ ಮಾಫಿ ಕೇಳಬೇಕು, ಆಡಿದ್ದು ಕೇಳಿದ್ದು ಮನ್ನಿಸಿರೆಂದು. ಅದು ಅವರ ಪದ್ಧತಿ. ಆಪಾ ಓಣಿಯ ಒಂದು ತುದಿಯಿಂದ ಶುರುಮಾಡಿದರು. ದೂರೇ ಇಲ್ಲದವರು ಕ್ಷಮಿಸುವ ಆಸೆಗೆ ದೂರು ಹುಡುಕಿಕೊಂಡರು. ಒಬ್ಬಾಕೆ ತನ್ನ ಮದುವೆಯ ಕುಬಸದ ತೋಳು ಬಿಗಿಯಾಗಿತ್ತೆಂದು ನೆನಪು ಮಾಡಿ ಕ್ಷಮಿಸಿದಳು, ಆಕೆಗೀಗ ಮೊಮ್ಮಕ್ಕಳಿದ್ದಾರೆ. ನಾನು ನನ್ನ ಕರಿಬೇವಿನ ಗಿಡವನ್ನು ತಿಂದ ಅವರ ಆಡನ್ನು ಮನ್ನಿಸಿದೆ. ಆಡು ಏನೂ ಅನ್ನಲಿಲ್ಲ.

ಉಳಿದದ್ದು ಒಬ್ಬರೇ, ಸೇಡಂನಲ್ಲಿರುವ ಆಪಾನ ತಂಗಿ ರಜಿಯಾ. ಆಪಾನ ಮಗನ ಮದುವೆಯ ಗಡಿಬಿಡಿಯಲ್ಲಿ ಒಡಹುಟ್ಟಿದವಳ ಮನೆಗೆ ಹೋಗಿ ಕರೆಯುವುದು ಆಗದೆ ಆಪಾ ಫೋನಿನಲ್ಲಿ ಕರೆದಿದ್ದರು. ನಮ್ಮ ಕಡೆ ದೂರದವರಿಗೆ ಫೋನು ನಡೆಯುತ್ತದೆ, ಸ್ವಂತದವರಿಗೆ ನಡೆಯುವುದಿಲ್ಲ. ಹೊಸ್ತಿಲಿಗೆ ಹೋಗಿ ಕರೆದರೆ ಮಾತ್ರ ಕರೆದ ಹಾಗೆ. ರಜಿಯಾ ಮದುವೆಗೆ ಬರಲಿಲ್ಲ. ಆಮೇಲೆ ಈಕೆ ಹೋಗಲಿಲ್ಲ. ಹೀಗೆ ಮಾತು ನಿಂತು, ಆ ಮದುವೆಯ ಮಗನಿಗೆ ಹುಟ್ಟಿದ ಮಗ ಈಗ ಶಾಲೆಗೆ ಹೋಗುತ್ತಾನೆ.

ಈ ಕಥೆಯೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ಸೇಡಂನಲ್ಲಿ ರಜಿಯಾಳ ಮನೆ ಹಳೆಯ ರಸ್ತೆಯ ಮಗ್ಗುಲಿಗೇ ಇದೆ. ಬೇಕೆಂದೇ ಹೋಗಲು ಆಪಾಗೆ ಧೈರ್ಯವಿರಲಿಲ್ಲ. ದಾರಿಯಲ್ಲಿ ಬಂತು, ಇಳಿದೆ ಅನ್ನುವಷ್ಟು ಮಾತ್ರ ಇತ್ತು. ಹೊರಡುವಾಗ ನನಗೆ ಹೇಳಿದ್ದು, ಸೇಡಂನಲ್ಲಿ ಸ್ವಲ್ಪ ಚಹಾಕ್ಕೆ ನಿಲ್ಲಿಸಿರಿ ಎಂದಷ್ಟೇ. ನಾನು ಚಹಾ ಅಂದರೆ ಚಹಾ ಅಂದುಕೊಂಡೆ.

ಇಸ್ಮಾಯಿಲ್ ಭಾಯ್ ಎಲ್ಲಿಗೇ ಹೋದರೂ ಹೊತ್ತಿಗೆ ಬಹಳ ಮುಂಚೆ ಹೊರಡುವ ಮನುಷ್ಯ. ವಾಡಿಯಲ್ಲಿ ರೈಲು ಹಿಡಿಯಲು ಹೋಗಿ ಅದಕ್ಕಿಂತ ಹಿಂದಿನ ರೈಲನ್ನೇ ಹಿಡಿದದ್ದೂ ಉಂಟು. ಅಂದು ಸೂರ್ಯನಿಗೂ ಮುಂಚೆ ಎದ್ದು ಪೆಟ್ಟಿಗೆಗಳ ಮೇಲೆ ಕುಳಿತಿದ್ದರು. ಹೊರಟೆವು. ಮಳಖೇಡದ ಕೋಟೆ ಮಂಜಿನಲ್ಲಿ ಬದಿಗೆ ಸರಿಯಿತು. ನನ್ನ ಪಾಠ ಶುರುವಾಯಿತು. ರಾಷ್ಟ್ರಕೂಟರ ಕಾಲದಲ್ಲಿ ಎಲ್ಲ ದಾರಿಗಳೂ ಈ ಊರಿಗೆ ಬಂದು ಮುಗಿಯುತ್ತಿದ್ದವು, ಅರಬ್ ವರ್ತಕರು ಈ ದೊರೆಗಳನ್ನು ದೊಡ್ಡವರೆಂದು ಹೊಗಳಿದ್ದರು, ಆಗ ಅವರು ನಮ್ಮ ಕಡೆ ಬರುತ್ತಿದ್ದರು, ಈಗ ಆಪಾ ಅವರ ಕಡೆ ಹೊರಟಿದ್ದಾರೆ ಎಂದೆ. ಚರಿತ್ರೆಯೇ ಒಂದು ದಿನ ಬೈಪಾಸು ಹಿಡಿದು ಮಳಖೇಡವನ್ನು ಬದಿಗೆ ಬಿಟ್ಟಿತು ಎಂದೂ ಸೇರಿಸಿದೆ. ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ಚಪ್ಪರಿಸುತ್ತ ಬಹಳ ದೂರ ಬಂದುಬಿಟ್ಟೆ. ಕಾರು ತೇಲುತ್ತಿತ್ತು. ಹಿಂದಿನ ಸೀಟಿನಲ್ಲಿ ಆಪಾ ತಸಬಿ ಮಣಿ ಎಣಿಸುತ್ತಿದ್ದರು, ಕಿಟಕಿಯ ಹೊರಗೆ ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಕೇಳಿದರು:

"ಅಕ್ಕೋರೆ, ಸೇಡಂ ಯಾವಾಗ ಬರ್ತದರಿ?"

ನಾನು ರಸ್ತೆಯ ಫಲಕ ನೋಡಿದೆ. ತೆಲುಗು. ನಮ್ಮ ಅಕ್ಷರಕ್ಕೂ ಅದಕ್ಕೂ ತಲೆಕಟ್ಟಿನಲ್ಲಷ್ಟೇ ವ್ಯತ್ಯಾಸವಿರುವುದರಿಂದ ಕನಸಿನಲ್ಲಿದ್ದವಳಿಗೆ ತಿಳಿದೇ ಇರಲಿಲ್ಲ. ಸೇಡಂ ಹೋಗಿ ಎಷ್ಟೋ ಹೊತ್ತಾಗಿತ್ತು. ಹೋಗಿತ್ತು ಅನ್ನುವುದೂ ತಪ್ಪು, ಅದು ಬಂದೇ ಇರಲಿಲ್ಲ.

ಚಹಾ ಮುಂದೆ ಕುಡಿಯೋಣ ಎಂದೆ. ಆಪಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಗ ಇಸ್ಮಾಯಿಲ್ ಭಾಯ್ ಇದ್ದ ವಿಷಯ ಬಿಚ್ಚಿ ಹೇಳಿದರು. ತಂಗಿಯ ಮಾಫಿ ಇಲ್ಲದೆ ಹೋದರೆ ಅಲ್ಲಿ ಕೈ ಎತ್ತಿ ಏನೆಂದು ಬೇಡಲಿ ಎಂದು ಆಕೆ ವಾರದಿಂದ ಸರಿಯಾಗಿ ಊಟವನ್ನೇ ಮಾಡಿಲ್ಲವಂತೆ. ಹೇಳಿ, ಇರಲಿ, ಒಂದು ಫೋನು ಮಾಡಿಬಿಡು ಎಂದು ಹೆಂಡತಿಗೆ ಸಮಾಧಾನ ಮಾಡಲು ನೋಡಿದರು.

"ಒಮ್ಮಿ ಫೋನ್ ಮಾಡೇ ಕೆಟ್ಟೀನಿ," ಅಂದರು ಆಪಾ. "ಮತ್ತ ಫೋನೇ ಮಾಡಂತೀರೇನು?"

ನನಗೆ ಬಹಳ ಸಂಕಟವಾಯಿತು. ಹಳೆಯ ರಸ್ತೆಯಾಗಿದ್ದರೆ ನಿಂತಲ್ಲೇ ಗಾಡಿ ತಿರುಗಿಸಬಹುದಿತ್ತು, ದನ ಕಾಯುವವರೂ ಕೈಮಾಡಿ ನೆರವಾಗುತ್ತಿದ್ದರು. ಹೊಸ ರಸ್ತೆಯಲ್ಲಿ ತಪ್ಪು ಮಾಡುವುದು ಸುಲಭ, ತಿದ್ದಿಕೊಳ್ಳಲು ಮಾತ್ರ ಬಹಳ ಮುಂದೆ ಹೋಗಬೇಕು. ಕೊನೆಗೂ ಒಂದು ಸೇತುವೆ ಸಿಕ್ಕಿತು. ಅದರ ಕೆಳಗೆ ಹಾಯ್ದು ಹಿಂದಕ್ಕೆ ತಿರುಗಿಸಿದೆ. ವಿಮಾನ ತಪ್ಪಿದರೆ ಎಂದು ಇಸ್ಮಾಯಿಲ್ ಭಾಯ್ ಗಡಿಯಾರ ನೋಡಿಕೊಂಡರು.

ಈ ಸಲ ಸೇಡಂನ ಒಳಗೇ ಹೋದೆವು. ರಜಿಯಾಳ ಮನೆಯಲ್ಲಿ ಆಕೆಯ ಸೊಸೆ ಒಬ್ಬಳೇ ಇದ್ದಳು. ಆಪಾನನ್ನು ಕಂಡು ಆ ಹುಡುಗಿ ಬೆಪ್ಪಾದಳು. ಅತ್ತೆ ನಸುಕಿನಲ್ಲೇ ಎದ್ದು ಚಿತ್ತಾಪುರದ ಬಸ್ಸು ಹತ್ತಿದ್ದಾರೆ, ದೊಡ್ಡಮ್ಮ ಇವತ್ತು ಹೊರಡುತ್ತಾರೆಂದು ಯಾರೋ ಹೇಳಿದ್ದರು, ಹೊಸ್ತಿಲಿಗೆ ಹೋಗಿ ಕಳಿಸಿಕೊಟ್ಟು ಬರುತ್ತೇನೆಂದು ಹೋದರು ಎಂದಳು. ನಾವು ಬೈಪಾಸಿನಲ್ಲಿ ತೇಲುತ್ತಿದ್ದಾಗ ಆ ಬಸ್ಸು ಊರೂರು ನಿಲ್ಲುತ್ತ ಹಳೆಯ ರಸ್ತೆಯಲ್ಲಿ ಹೋಗಿತ್ತು. ಒಂದೇ ರಸ್ತೆ ಇದ್ದ ಕಾಲದಲ್ಲಾದರೆ ಅಕ್ಕತಂಗಿ ನಡುದಾರಿಯಲ್ಲಿ ಎದುರಾಗುತ್ತಿದ್ದರು.

ಆಪಾ ಬಾಗಿಲ ಮುಂದಿನ ಕಲ್ಲಿನ ಮೇಲೆ ಕುಸಿದು ಕುಳಿತರು. ಸೊಸೆ ನೀರು ಕೊಟ್ಟಳು, ಆಮೇಲೆ ತನ್ನ ಫೋನನ್ನೂ ಮುಂದೆ ಹಿಡಿದಳು. ಆಪಾ ಅದನ್ನು ಮುಟ್ಟದೆ ನನ್ನ ಕಡೆ ನೋಡಿದರು. ಪರೀಕ್ಷೆಯಲ್ಲಿ ಉತ್ತರ ಸರಿಯೋ ತಪ್ಪೋ ಎಂದು ಮಕ್ಕಳು ನೋಡುತ್ತಿದ್ದ ನೋಟ ಅದು.

"ಬಾಗಲಕ್ಕ ಬಂದು ಕುಂತೀರಿ ಆಪಾ," ಎಂದೆ. "ಈಗ ಮಾಡ್ರಿ. ಈಗ ಮಾಡಿದ್ರ ತಪ್ಪಿಲ್ಲ."

ಮಾಡಿದರು. ಅಲ್ಲಿ ರಜಿಯಾ ಎತ್ತಿಕೊಂಡಳು. ಇಬ್ಬರೂ ತಮ್ಮ ಉರ್ದುವಿನಲ್ಲಿ ಮಾತಾಡಿದರು. ನಿನ್ನ ಬಾಗಿಲಲ್ಲಿ ಕುಳಿತಿದ್ದೇನೆ ಎಂದು ಈಕೆ ಹೇಳಿದರೆ, ನಾನು ನಿನ್ನ ಬಾಗಿಲಲ್ಲಿ ಕುಳಿತಿದ್ದೇನೆ ಎಂದು ಆಕೆ. ಬಹಳ ಹೊತ್ತು ಎರಡೂ ಕಡೆ ಅಳು ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ತಂಗಿ ಬೈಯತೊಡಗಿದಳು. ಕುಂಡದ ಗಿಡಗಳಿಗೆ ನೀರು ಹಾಕದೆ ಹೋಗಿದ್ದೀಯ, ನೀನು ಇನ್ನೂ ಹಾಗೇ ಇದ್ದೀಯ ಎಂದು. ಆಪಾ ಕಣ್ಣೀರಿನಲ್ಲೇ ನಗುತ್ತ ತಮ್ಮ ಗಂಡನ ಕಡೆ ಬೆರಳು ತೋರಿಸಿ, ತಪ್ಪೆಲ್ಲ ಸೂರ್ಯ ಹುಟ್ಟುವ ಮುಂಚೆಯೇ ಹೊರಡಿಸಿದ ಈತನದು ಎಂದರು. ಗಂಡ ಒಪ್ಪಿಕೊಂಡರು. ಮಾಫಿ ಯಾರು ಕೇಳಿದರು, ಯಾರು ಕೊಟ್ಟರು, ನನಗೆ ಗೊತ್ತಾಗಲಿಲ್ಲ.

ಮುಂದಿನದು ಅದೇ ಹೊಸ ರಸ್ತೆಯ ಉಪಕಾರ. ಅದು ಉಳಿಸಿಕೊಟ್ಟಿದ್ದ ಹೊತ್ತನ್ನೆಲ್ಲ ನಾವು ಸೇಡಂನಲ್ಲಿ ಸುರಿದು ಬಂದಿದ್ದೆವು. ಆದರೂ ವಿಮಾನ ತಪ್ಪಲಿಲ್ಲ. ಹೊಸ ಕೂಡುದಾರಿಯಿಂದ ವರ್ತುಲ ರಸ್ತೆಗೆ ಸೇರಿ ನಿಲ್ದಾಣ ಮುಟ್ಟುವ ತನಕ ಆಪಾ ಬಾಯಿ ತೆರೆದುಕೊಂಡು ನಿದ್ದೆ ಮಾಡಿದರು. ಇಳಿದು ಗಾಜಿನ ಆಚೆ ಇಬ್ಬರೂ ಹೋದರು, ಎಂದಿನಂತೆ ಸಣ್ಣಗಾದರು.

ನಾನು ಮರಳಿ ಓಣಿ ಮುಟ್ಟಿದಾಗ ಇಳಿಹೊತ್ತು. ಆಪಾನ ಬೀಗ ಹಾಕಿದ ಬಾಗಿಲ ಮುಂದೆ ರಜಿಯಾ ಇನ್ನೂ ಕುಳಿತಿದ್ದಳು. ಓಣಿಯವರು ಕರೆದು ಊಟ ಹಾಕಿದ್ದರಂತೆ, ಉಂಡು ಮತ್ತೆ ಅಲ್ಲಿಗೇ ಬಂದಿದ್ದಳು. ನಾನು ಕಾರಿನಿಂದ ಇಳಿದ ಕೂಡಲೇ ಎದ್ದು ಬಂದಳು. ಅಕ್ಕ ಸುಖವಾಗಿ ಹತ್ತಿದಳೇ ಎಂದು ಕೇಳಿಯಾಳು ಅಂದುಕೊಂಡೆ. ಅದನ್ನು ಕೇಳಲಿಲ್ಲ.

"ಮಾರಿ ನೋಡಿ ಭಾಳ ವರ್ಷ ಆತ್ರಿ," ಅಂದಳು. "ಈಗ ಹ್ಯಾಂಗ ಕಾಣ್ತಾಳ್ರಿ ಆಕಿ?"

ಬೆಳಗಿನಿಂದ ನಾನು ನೋಡಿದ್ದು ರಸ್ತೆಯನ್ನು ಮಾತ್ರ. ಈಗ ನಿಂತು, ಎದುರಿಗಿದ್ದ ಮುಖವನ್ನು ಸರಿಯಾಗಿ ನೋಡಿದೆ.

"ನಿಮ್ಮಂಗೇ," ಎಂದೆ.