ಅತ್ತೆ ಕೊಟ್ಟ ಎರಡು ಮಾರ್ಕು

ಯುದ್ಧದ ಕಾಲ. ಮಂಡ್ಯದ ಹತ್ತಿರದ ಒಂದು ಕಬ್ಬಿನ ಫಾರಮ್ಮಿನಲ್ಲಿ ಪ್ರಯೋಗಗಳ ಲೆಕ್ಕ ಹಾಕುವುದು ನನ್ನ ಕೆಲಸ. ಕಂಡ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ಲೆಕ್ಕದಿಂದ ಅಳೆಯುವ ಅನಾಲಿಸಿಸ್ ಆಫ್ ವೇರಿಯನ್ಸ್ ಎಂಬ ವಿದ್ಯೆಯನ್ನು ಹೊಸದಾಗಿ ಕಲಿತಿದ್ದೆ. ಹೊಸ ಕುಡುಗೋಲು ಸಿಕ್ಕವನಂತೆ ಅದನ್ನು ಎಲ್ಲೆಂದರಲ್ಲಿ ಬೀಸುತ್ತಿದ್ದೆ.

ಬೆಲ್ಲದ ಪಾಕದ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಮೇಲೋ, ಸುಣ್ಣದ ತಿಳಿಯೋ, ಸೋಡದ ಪುಡಿಯೋ, ಏನೂ ಹಾಕದಿದ್ದರೂ ನಡೆಯುತ್ತದೋ, ಜನರಿಂದ ರುಚಿ ನೋಡಿಸಿ ಹೇಳು ಎಂದರು ನಮ್ಮ ಸಾಹೇಬರು. ಯಾವ ಊರಲ್ಲಿ ನೋಡಿಸುತ್ತೀ ಎಂದು ಅವರು ಕೇಳಿದ್ದಕ್ಕೆ ಹಿಂದೆಮುಂದೆ ನೋಡದೆ ಮಳವಳ್ಳಿ ಕಡೆಯ ಪೂರಿಗಾಲಿ ಎಂದೆ. ಅಲ್ಲಿನವರ ನಾಲಗೆ ನ್ಯಾಯದ ನಾಲಗೆ ಎಂದೂ ಸೇರಿಸಿದೆ. ನಿಜ ಬೇರೆ ಇತ್ತು. ಅಲ್ಲಿ ನನ್ನ ಸೋದರತ್ತೆಯ ಮನೆ, ಆ ಮನೆಯಲ್ಲಿ ಅತ್ತೆಯ ಮಗಳು. ಹುಟ್ಟಿನಿಂದಲೇ ನಾನು ಅತ್ತೆಗೆ ಅಳಿಯ. ಇನ್ನೊಂದು ಅರ್ಥದಲ್ಲಿ ಅಳಿಯನಾಗುವ ಆಸೆಯನ್ನು ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಹೆಣ್ಣು ನೋಡಲು ಬಂದ ಮೂರು ಗಂಡುಗಳಲ್ಲಿ ಒಬ್ಬನ ನಡಿಗೆ, ಒಬ್ಬನ ಕಿವಿ, ಒಬ್ಬನ ನಗು ಸರಿಯಿಲ್ಲವೆಂದು ಅತ್ತೆ ವಾಪಸು ಕಳಿಸಿದ್ದಳು.

ಜಗಲಿಯ ಮೇಲೆ ಅತ್ತೆ ಮಾವನೂ ಸೇರಿ ಆರು ಜನರನ್ನು ಕೂರಿಸಿ, ನಾಲ್ಕು ಬಗೆಯ ಬೆಲ್ಲವನ್ನೂ ಮುಂದಿಟ್ಟೆ. ಯಾರು ಯಾವ ಬೆಲ್ಲ ಮೊದಲು ತಿನ್ನಬೇಕೆಂದು ಚೀಟಿ ಎತ್ತಿಸಿದೆ. ನಡುನಡುವೆ ಬಾಯಿ ತೊಳೆಯಲು ನೀರು ಕೊಡುವ ಕೆಲಸ ಅತ್ತೆಯ ಮಗಳದು. ಅದು ನಾನೇ ಮಾಡಿದ ಏರ್ಪಾಟು. ಮಾರ್ಕು ಹತ್ತಕ್ಕೆ. ಬೇವು ಕೊಟ್ಟರೂ ಚೆನ್ನಾಗಿದೆ ಎನ್ನುವ ಜೀವ ನಮ್ಮ ಮಾವ. ಮೂರಕ್ಕೆ ಎಂಟೆಂಟು, ಒಂದಕ್ಕೆ ಒಂಬತ್ತು ಕೊಟ್ಟ. ಅತ್ತೆ ಮೂರಕ್ಕೆ ಒಂದೊಂದು, ಇನ್ನೊಂದಕ್ಕೆ ಎರಡು. ಉಳಿದ ನಾಲ್ವರದು ನಡುವೆ ಎಲ್ಲೋ.

ಆ ಇಪ್ಪತ್ನಾಲ್ಕು ಮಾರ್ಕುಗಳನ್ನು, ಇಪ್ಪತ್ನಾಲ್ಕು ಬೇರೆ ಬೇರೆ ಜನ ಕೊಟ್ಟವೆಂಬಂತೆ, ನಾನು ಲೆಕ್ಕಕ್ಕೆ ಹಾಕಿದೆ. ಬೆಲ್ಲ ಬೆಲ್ಲಕ್ಕೆ ವ್ಯತ್ಯಾಸವೇ ಇಲ್ಲವೆಂದು ಉತ್ತರ ಬಂತು. ಹಾಗಾದರೆ ಇನ್ನು ಪೂರಿಗಾಲಿಗೆ ಹೋಗುವುದು ಬೇಡ ಎಂದುಬಿಟ್ಟರು ಸಾಹೇಬರು. ನಾನು ಮತ್ತೆ ಮಾರ್ಕಿನ ಹಾಳೆ ಬಿಚ್ಚಿ ಕೂತೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅತ್ತೆಯ ನಾಲಗೆಯೇ ಡೊಂಕು ಎಂದುಕೊಂಡು, ಅವಳ ಸಾಲನ್ನು ಹೊಡೆದುಹಾಕಲು ಪೆನ್ಸಿಲ್ ಎತ್ತಿದೆ. ಆಗ ಕಣ್ಣಿಗೆ ಬಿತ್ತು: ಅತ್ತೆ ಎರಡು ಕೊಟ್ಟದ್ದೂ ಮಾವ ಒಂಬತ್ತು ಕೊಟ್ಟದ್ದೂ ಅದೇ ಬೆಂಡೆಯ ಬೆಲ್ಲಕ್ಕೆ. ತಪ್ಪು ನಾಲಗೆಯದಲ್ಲ, ನಾನು ಆರಿಸಿದ ಲೆಕ್ಕದ ದಾರಿಯದು. ಒಬ್ಬನೇ ನಾಲ್ಕನ್ನೂ ತಿಂದಿರುವಾಗ ಮೊದಲು ಜನರ ಸ್ವಭಾವದ ಪಾಲನ್ನು ಬೇರೆ ತೆಗೆದಿಡಬೇಕು, ಆಮೇಲೆ ಬೆಲ್ಲದ ಪಾಲು ನೋಡಬೇಕು. ನಾನು ಹಾಗೆ ತೆಗೆದಿಡದ್ದರಿಂದ ಅತ್ತೆಯ ಸಿಟ್ಟೂ ಮಾವನ ಧಾರಾಳವೂ ಸೇರಿ ಬೆಲ್ಲವನ್ನು ನುಂಗಿಹಾಕಿದ್ದವು. ಹೊಸದಾಗಿ ಲೆಕ್ಕ ಹಾಕಿದೆ, ಬೆಂಡೆ ಗೆದ್ದಿತು. ಸಾಹೇಬರು ನನ್ನನ್ನು ಚೆನ್ನಾಗಿ ಬೈದು, ಇನ್ನೊಂದು ಸಲ ಹೋಗಿ ನೋಡಿ ಬಾ ಎಂದರು.

ಈ ಸಲ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿ, "ನನ್ ಸಿಟ್ಟ ಕಳ್ದ್‌ಬುಟ್ಟು ಲೆಕ್ಕ ಆಕ್ದಾ?" ಎಂದಳು. ಹೌದೆಂದೆ. ಮಾವ, ಮದುವೆಯಾದಾಗಿನಿಂದ ತಾನೂ ಅದನ್ನೇ ಮಾಡುತ್ತಿರುವುದಾಗಿ ಮೆಲ್ಲಗೆ ಹೇಳಿದ. ಅತ್ತೆಗೂ ನಗು ಬಂತು.

ಆ ನಗುವಿನಲ್ಲೇ ನನಗೂ ಧೈರ್ಯ ಬಂತು. ಮಗಳನ್ನು ಕೊಡುತ್ತೀಯಾ ಎಂದು ನೇರವಾಗಿ ಕೇಳಲಾರದೆ, ಗಂಡು ಎಂದು ನೋಡಿದರೆ ನನಗೆ ಹತ್ತಕ್ಕೆ ಎಷ್ಟು ಕೊಡುತ್ತೀಯ ಅತ್ತೆ ಎಂದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಲ್ಡು," ಎಂದಳು.

ಮಾವ ಪಾಪ ಎಂದುಕೊಂಡು ತಲೆ ತಗ್ಗಿಸಿದ. ನಾನು, ಮುಂಚೆ ಹೆಣ್ಣು ನೋಡಲು ಬಂದಿದ್ದ ಮೂವರಿಗೆ ಎಷ್ಟು ಎಂದು ಕೇಳಿದೆ.

"ಅವ್ರ್‌ಗೆಲ್ಲ ಒಂದೊಂದೇ ಕಣ್ಲಾ."

ನಾನು ಅಲ್ಲೇ ಅತ್ತೆಯ ಕಾಲಿಗೆ ಬಿದ್ದೆ.