ಹತ್ತನೆಯ ರೋಗಿ ಇರಲೇ ಇಲ್ಲ

ಮೊಣಕಾಲು ನೋವಿನ ಆ ಮುದುಕಿಯನ್ನು ಹುಟ್ಟಿಸಿದವಳು ನಾನು. ಅಂಥವಳು ಖಾನಾಪುರದಲ್ಲಾಗಲಿ ಸುತ್ತಲಿನ ಹಳ್ಳಿಯಲ್ಲಾಗಲಿ ಇರಲಿಲ್ಲ. ಅವಳು ಆಡಿದಳೆಂದು ನಾನು ಬರೆದ ಮಾತನ್ನು ಯಾರೂ ಆಡಿರಲಿಲ್ಲ. ಆದರೂ ಒಬ್ಬ ಒಳ್ಳೆಯ ವೈದ್ಯೆ ಮೂರು ವರ್ಷ ಅವಳನ್ನು ಹುಡುಕಿದರು — ಕ್ಷಮೆ ಕೇಳಲಿಕ್ಕೆ.

ಎರಡು ಸಾವಿರದ ಇಸವಿ ಹತ್ತಿರವಾಗಿದ್ದ ಕಾಲ. ಮಕ್ಕಳಾದ ಮೇಲೆ ನರ್ಸ್ ಕೆಲಸ ಬಿಟ್ಟು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಮನೆ ನೋಡಿಕೊಂಡಿದ್ದೆ. ಖಾಸಗಿ ದವಾಖಾನೆಗಳಲ್ಲಿ ರೋಗಿಗಳನ್ನು ಹೇಗೆ ನೋಡುತ್ತಾರೆಂದು ತಿಳಿಯಲು ಒಂದು ಸಂಸ್ಥೆ ಸಮೀಕ್ಷೆ ಮಾಡಿಸುತ್ತಿತ್ತು. ನನ್ನ ಪಾಲಿಗೆ ಖಾನಾಪುರ ಬಂತು. ದವಾಖಾನೆಯ ಬಾಗಿಲಲ್ಲಿ ಕೂತು, ಹೊರಬರುವ ಹತ್ತು ಜನರನ್ನು ಕೇಳಬೇಕು — ಎಷ್ಟು ಹೊತ್ತು ಕಾದಿರಿ, ಮುಟ್ಟಿ ನೋಡಿದರೆ, ಗುಳಿಗೆ ಹೇಗೆ ತಗೊಳ್ಳಬೇಕೆಂದು ತಿಳಿಯಿತೆ.

ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ದವಾಖಾನೆ. ಅಲ್ಲಿಯ ವೈದ್ಯೆಯನ್ನು ಎಲ್ಲರೂ ಡಾಕ್ಟರ್‌ಬಾಯಿ, ಬಾಯಾರು ಎನ್ನುತ್ತಿದ್ದರು. ಆರು ಜನರನ್ನು ಕೇಳಿದೆ. ಆರೂ ಜನ ಹೊಗಳಿದರು. ಬೆಂಚಿನ ಮೇಲೆ ಇನ್ನೂ ಎಷ್ಟೋ ಮಂದಿ ಕಾಯುತ್ತಿದ್ದರು. ನಾನು ಗಾಡಿಯ ವೇಳೆ ನೋಡಿ ಎದ್ದುಬಿಟ್ಟೆ. ಮನೆಯಲ್ಲಿ ಅವಸರವೇನೂ ಇರಲಿಲ್ಲ — ಬೇಸರ ಬಂದಿತ್ತು, ಅಷ್ಟೆ.

ಉಳಿದ ನಾಲ್ಕು ಹಾಳೆಗಳನ್ನು ರೈಲಿನಲ್ಲಿ ತುಂಬಿದೆ. ಮೂರರಲ್ಲಿ ಹೊಗಳಿಕೆ. ಹತ್ತೂ ಹೊಗಳಿಕೆಯಾದರೆ ಮೇಲಿನವರಿಗೆ ಅನುಮಾನ ಬಂದೀತು... ಅದಕ್ಕೇ ಹತ್ತನೆಯದಕ್ಕೆ ಒಬ್ಬ ಮುದುಕಿ. ಅವಳ ಬಾಯಲ್ಲಿ ಇಷ್ಟು ಹಾಕಿದೆ: "ಬಾಯಾರು ನನ್ನ ಮಾರಿ ನೋಡಲಿಲ್ಲ. ನಾ ಹೇಳೂದರಾಗ ಚೀಟಿ ಬರದ ಕೊಟ್ರು." ದೇಸೂರ ಸ್ಟೇಶನ್ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಖರೇ ಅನ್ನಿಸುವ ಹಾಗೆ ಬರೆದೆನೆಂದು ಒಳಗೊಳಗೇ ಹಿಗ್ಗಿದೆ ಕೂಡ —

ವರದಿಯ ಪ್ರತಿ, ರೋಗಿಗಳ ಹೆಸರಿಲ್ಲದೆ, ವೈದ್ಯರಿಗೆಲ್ಲ ಹೋಯಿತು. ಆರು ತಿಂಗಳ ನಂತರ ಮತ್ತೆ ಹೋದಾಗ ಡಾಕ್ಟರ್‌ಬಾಯಿ ನನ್ನನ್ನು ಒಳಗೆ ಕರೆದರು. ಮೇಜನ್ನು ಗೋಡೆಗೆ ಸರಿಸಿ, ರೋಗಿಯ ಎದುರಿಗೇ ಕುರ್ಚಿ ಹಾಕಿಕೊಂಡಿದ್ದರು.

"ಕುಂದರ್ರಿ ಸಿಸ್ಟರ್. ಆ ಮೊಣಕಾಲ ನೋವಿನ ಆಯಿ ಯಾರಂತ ಹೇಳ್ರಿ. ಅವರ ಮನಿಗೆ ಹೋಗಿ ತಪ್ಪಾತು ಅಂತೀನಿ. ಇಪ್ಪತ್ತ ವರ್ಷ ಹಿಂಗ ಮಾಡ್ಕೋತ ಬಂದೀನೋ ಏನೋ, ನನಗ ಗೊತ್ತಾಗಿಲ್ಲ."

ಆಗಲೇ ಹೇಳಬಹುದಿತ್ತು. ನಾನೆಂದದ್ದು — "ಹೆಸರ ಹೇಳೂ ಹಂಗಿಲ್ರೀ ಬಾಯಾರ. ನಿಯಮ ಐತಿ."

ಅಲ್ಲಿಂದ ಮುಂದೆ, ಮೊಣಕಾಲು ಹಿಡಿದುಕೊಂಡು ಬಂದ ಪ್ರತಿ ಮುದುಕಿಯನ್ನೂ ಅವರು, ಹಿಂದೊಮ್ಮೆ ಬಂದಿದ್ದಿರೇನು ಎಂದು ಕೇಳುತ್ತಿದ್ದರಂತೆ. ಅವರ ನರ್ಸ್ ಇದನ್ನು ನಗುತ್ತ ಹೇಳಿದಾಗ ನಾನೂ ನಕ್ಕೆ. ಆ ನಗು — ನೆನೆದರೆ ಇಂದಿಗೂ...

ಮೂರು ವರ್ಷ ಹೀಗೇ ಕಳೆದವು. ಕೊನೆಗೊಂದು ದಿನ ಖಾನಾಪುರಕ್ಕೆ ಹೋಗಿ, ರೋಗಿಗಳ ಸಾಲಿನ ಕೊನೆಗೆ ಕೂತು, ನನ್ನ ಸರದಿ ಬಂದಾಗ ಎಲ್ಲವನ್ನೂ ಹೇಳಿದೆ. ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಡಾಕ್ಟರ್‌ಬಾಯಿ ಕೇಳಿದ್ದೇ ಬೇರೆ.

"ಹಂಗಾರ ಅವತ್ತ ಬೆಂಚಿನ ಮ್ಯಾಲ ಖರೇ ಮಂದಿ ಕುಂತಿದ್ರಲ್ಲ — ಅವರ ಏನ ಹೇಳತಿದ್ರು?"

ಅವರನ್ನು ನಾನು ಕೇಳಿಯೇ ಇರಲಿಲ್ಲ. ನಿನ್ನ ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಎಂದು ಮನಸ್ಸು ಪುಸಲಾಯಿಸುತ್ತದೆ. ಅದರ ಮಾತಿಗೆ ನಾನು ಕಿವಿಗೊಡುವುದಿಲ್ಲ.

"ನಾಳೆ ಬಂದ ಕೇಳ್ರಿ," ಎಂದರು ಡಾಕ್ಟರ್‌ಬಾಯಿ. "ಹತ್ತೂ ಮಂದಿನ್ನ."

ಹೋದೆ. ಬೆಳಿಗ್ಗೆಯಿಂದ ಬಾಗಿಲಲ್ಲಿ ಕೂತೆ. ಕನ್ನಡದಲ್ಲೋ ಮರಾಠಿಯಲ್ಲೋ, ಅವರವರು ಆಡಿದ ಹಾಗೇ ಬರೆದುಕೊಂಡೆ. ಎಷ್ಟೋ ವರ್ಷಗಳ ಮೇಲೆ ಕೆಲಸ ಮಾಡಿದ ಸುಖ — ಮಧ್ಯಾಹ್ನ ಕಳೆದದ್ದೂ ತಿಳಿಯಲಿಲ್ಲ. ಕೊನೆಗೆ, ಹತ್ತನೆಯವನಾಗಿ ಸಿಕ್ಕವನು ಕಂಬಳಿ ಹೊದ್ದ ಒಬ್ಬ ಕುರಿಗಾರ.

"ಗುಣ ಏನೋ ಆಗತೈತ್ರೀ," ಎಂದ. "ಆದ್ರ ಬಾಯಾರು ಒಬ್ಬೊಬ್ಬರ ಜೋಡಿ ಅರ್ಧ ತಾಸ ಮಾತಾಡ್ತಾರ. ಹೊರಗ ಕುಂತವರ ಗತಿ ಏನ್ರೀ? ನಂದು ಎರಡ ಬಸ್ ತಪ್ಪಿದುವು."

ಇದರಲ್ಲೂ ನನ್ನ ಪಾಲಿತ್ತು — ಆ ಅರ್ಧ ತಾಸನ್ನು ಅವರಿಗೆ ಕಲಿಸಿದವಳು ನನ್ನ ಮುದುಕಿಯೇ. ಒಂದಕ್ಷರ ಬದಲಿಸದೆ ಬರೆದುಕೊಂಡು, ಒಳಗೆ ಹೋಗಿ ಹಾಳೆಯನ್ನು ಡಾಕ್ಟರ್‌ಬಾಯಿಯ ಕೈಗೆ ಕೊಟ್ಟೆ.