ಆಟೋದಲ್ಲಿ ಕೂತು ಮಾಡಿದ ನಡಿಗೆ

ನಮ್ಮ ಜಾಗೃತಿ ನಡಿಗೆಯಲ್ಲಿ ಕಾಯಿಲೆ ಇದ್ದವರೇ ನಡೆಯುವಂತಿರಲಿಲ್ಲ. ನನ್ನದು ಹಿಮೋಫಿಲಿಯಾ. ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಒಮ್ಮೊಮ್ಮೆ ಗಾಯವೇ ಇಲ್ಲದೆ ಮಂಡಿಯೊಳಗೆ ರಕ್ತ ಸೋರಿ ಊದಿಕೊಳ್ಳುತ್ತದೆ. ವೈದ್ಯನಾಥಪುರದ ದೇವಸ್ಥಾನದಿಂದ ಮದ್ದೂರು ಬಸ್ ನಿಲ್ದಾಣದವರೆಗೆ ನಡೆದರೆ ಮಾರನೆಯ ದಿನ ಆಸ್ಪತ್ರೆಯ ಮಂಚವೇ ಗತಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಗಟ್ಟಿಮುಟ್ಟಾದ ಗೆಳೆಯರೆಲ್ಲ ನಡೆಯುವುದು, ನಾನು ಮುಂದೆ ಆಟೋದಲ್ಲಿ ಮೈಕು ಹಿಡಿದು ಕೂರುವುದು ಎಂದಾಯಿತು. ಮೈಕು ಸಿಕ್ಕರೆ ನಾನು ಬಿಡುವವನಲ್ಲ ಎಂದು ಅವರಿಗೆ ಗೊತ್ತಿತ್ತು. ಕಾಯಿಲೆಗಿಂತ ಅದಕ್ಕೇ ಹೆಚ್ಚು ಹೆದರಿದ್ದರು.

ಅವ್ವನ ಹೆದರಿಕೆ ಬೇರೆ. ಈ ಕಾಯಿಲೆ ಹೆಚ್ಚಾಗಿ ತಾಯಿಯಿಂದ ಮಗನಿಗೆ ಬರುತ್ತದೆ. ಡಾಕ್ಟರು ಹಾಗೆಂದ ದಿನದಿಂದ ಅವಳು ಅದರ ಹೆಸರನ್ನು ಯಾರ ಮುಂದೆಯೂ ಎತ್ತಿದವಳಲ್ಲ. ನನ್ನ ಮಂಡಿ ನೋಡಿ ಕೇಳಿದವರಿಗೆಲ್ಲ "ವಾತ" ಎಂದು ಹೇಳಿ ಸಾಗಹಾಕುತ್ತಿದ್ದಳು. ಈಗ ನೋಡಿದರೆ ನಡಿಗೆ ಹೋಗುವುದೇ ಅವಳ ತವರಿನ ಮುಂದೆ.

"ನಮ್ಮೋರು ಇರೋ ದಾರೀಲೇ ಮಾಡ್ಬೇಕಾ? ಬೆಂಗ್ಳೂರಲ್ಲಿ ಮಾಡ್ಕೊ ಓಗಪ್ಪ," ಎಂದಳು.

ಕಾಯಿಲೆ ಎಲ್ಲಿಂದ ಬಂತು ಎಂದು ತವರಿನವರು ಕೇಳಿಬಿಟ್ಟರೆ? ಅದೊಂದೇ ಅವಳ ಚಿಂತೆ. ಆದರೂ ನನ್ನೊಬ್ಬನನ್ನೇ ಕಳಿಸಲು ಮನಸ್ಸು ಬರಲಿಲ್ಲ. ಮೈಕಿನಲ್ಲಿ ತನ್ನ ಸುದ್ದಿ ಎತ್ತಕೂಡದು ಎಂದು ಮಾತು ತೆಗೆದುಕೊಂಡು, ದೇವರಿಗೆ ಹಣ್ಣುಕಾಯಿ ಮಾಡಿಸಲು ಬಂದವಳ ಹಾಗೆ ಬುಟ್ಟಿ ಹಿಡಿದು ಆಟೋ ಹತ್ತಿದಳು.

ದಾರಿಯುದ್ದಕ್ಕೂ ಎಲ್ಲ ಚೆನ್ನಾಗಿಯೇ ನಡೆಯಿತು. ಆದರೆ ಮಂಡ್ಯ ಸೀಮೆಯಲ್ಲಿ ಹತ್ತು ಜನ ಫಲಕ ಹಿಡಿದು ರಸ್ತೆಗಿಳಿದರೆ ಅದಕ್ಕೆ ಒಂದೇ ಅರ್ಥ. ಇಲ್ಲೇ ಹುಟ್ಟಿ ಬೆಳೆದ ನಾವೇ ಅದನ್ನು ಮರೆತಿದ್ದೆವು. ಆ ವಾರ ತಮಿಳುನಾಡಿಗೆ ನೀರು ಬಿಡುವ ಸುದ್ದಿ ಬೇರೆ ಎಲ್ಲರ ಬಾಯಲ್ಲಿತ್ತು. ಮದ್ದೂರಿಗೆ ಕಾಲಿಟ್ಟದ್ದೇ ತಡ, ಬೇಕರಿಯವನು ನಮ್ಮನ್ನು ಕಂಡು ಷಟರನ್ನು ಅರ್ಧ ಎಳೆದ. ಪಕ್ಕದ ಅಂಗಡಿಯವನು ಅವನನ್ನು ಕಂಡು ಪೂರ್ತಿ ಎಳೆದ. ಬೈಕಿನವನೊಬ್ಬ ಆಟೋ ಪಕ್ಕಕ್ಕೆ ಬಂದು, "ಅಣ್ಣ, ಎಷ್ಟೊತ್ಗೆ ರೋಡ್ ಬಂದ್ ಮಾಡ್ತೀರಾ? ಮೈಸೂರ್ಗೆ ಓಗ್ಬೇಕಿತ್ತು," ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ.

ಎಳನೀರು ಕುಡಿಯುತ್ತಿದ್ದ ಹಸಿರು ಟವೆಲಿನ ಹಿರಿಯರೊಬ್ಬರು ಬುರುಡೆ ಎಸೆದು ಬಂದು ಸಾಲಿನ ಮುಂದೆ ಸೇರಿಕೊಂಡರು. ಕೈ ಎತ್ತಿ "ಬೇಕೇ ಬೇಕು" ಎಂದರು. ಬೆಳಗಿನಿಂದ ನಾನು ಹೇಳಿಕೊಟ್ಟ ಒಂದು ಘೋಷಣೆಯನ್ನೂ ನೆಟ್ಟಗೆ ಕೂಗದಿದ್ದ ನಮ್ಮ ಗೆಳೆಯರು ಒಕ್ಕೊರಲಿನಿಂದ "ನ್ಯಾಯ ಬೇಕು" ಎಂದರು. "ಕಾವೇರಿ ಯಾರ್ದು?" "ನಮ್ದು." ನನಗೆ ಸಿಟ್ಟೂ ಬಂತು, ನಗುವೂ ತಡೆಯಲಾಗಲಿಲ್ಲ. ಇದು ನೀರಿನ ಚಳವಳಿಯಲ್ಲ ಎಂದು ಮೈಕಿನಲ್ಲಿ ಬಾಯಿ ಬಡಿದುಕೊಂಡೆ. ಕೇಳುವವರು ಯಾರು? ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ನಮ್ಮ ಮೆರವಣಿಗೆ ಎರಡರಷ್ಟಾಗಿತ್ತು.

ಅಲ್ಲಿ ಗದ್ದಲ ಇಳಿದ ಮೇಲೆ ಸಾವಕಾಶವಾಗಿ ವಿವರಿಸಿದೆ. ಹಸಿರು ಟವೆಲಿನವರು ಆಟೋ ಹತ್ತಿರ ಬಂದರು.

"ಅಂಗಾರೆ ನೀರಿಗಲ್ವಾ ಇದು? ಬುಡಿ, ಬಂದಿದ್ದಾಯ್ತು. ಏನಾಯ್ತದೆ ಆ ಕಾಯ್ಲೆ ಬಂದ್ರೆ?"

ಮಂಡಿ ಊದುವುದು, ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುವುದು, ಎಲ್ಲ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ನನ್ ಮೊಮ್ಮಗಂಗೂ ಇಂಗೇಯ. ಮೊನ್ನೆ ಹಲ್ಲು ಬಿತ್ತು, ರಕ್ತ ನಿಲ್ನೇ ಇಲ್ಲ. ನಮ್ ಮಗಳ್ದೇ ದೋಸ ಅಂತ ಗಂಡನ ಮನೆಯೋರು ಮಗೀನೂ ಅವ್ಳನ್ನೂ ನಮ್ಮನೇಗೆ ಕಳ್ಸವ್ರೆ. ಅವ್ಳು ಆಚೀಗೇ ಬರಾಕಿಲ್ಲ." ಆಟೋದೊಳಕ್ಕೆ ಬಗ್ಗಿ ಕೇಳಿದರು, "ನಿಮ್ಗೆಲ್ಲಿಂದ ಬಂತು ಸ್ವಾಮಿ?"

ಅವ್ವನಿಗೆ ಮಾತು ಕೊಟ್ಟಿದ್ದೆನಲ್ಲ. "ಕೆಲವರಿಗೆ ಹುಟ್ಟಿನಿಂದಲೇ..." ಎಂದು ಏನೋ ತೊದಲಿದೆ.

"ನನ್ನಿಂದ ಬಂತು ಕಣಣ್ಣ," ಎಂದಳು ಅವ್ವ.

ನನ್ನ ಕೈಲಿದ್ದ ಮೈಕು ಆರಿಸಿರಲಿಲ್ಲ. ಅವಳ ದನಿ ಇಡೀ ನಿಲ್ದಾಣಕ್ಕೆ ಕೇಳಿಸಿತು. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಅವಳ ತವರಿನವರೂ ಇದ್ದರು. ಕತ್ತು ಚಾಚಿ ನೋಡಿದರು. ಅವ್ವ ಅವರನ್ನೂ ನೋಡಿದಳು, ಮೈಕನ್ನೂ ನೋಡಿದಳು. ನಾನು ಆರಿಸಲು ಹೋದರೆ ಕೈ ತಡೆದಳು.

"ಇವನ್ನ ಎತ್ತವ್ವ ನಾನೇಯ. ನಾನೇನ್ ಬೇಕೂ ಅಂತ ಕೊಟ್ನಾ? ನಿಮ್ ಮಗಳೂ ಅಷ್ಟೇಯ. ಅವ್ಳ್ದೇನೂ ತಪ್ಪಿಲ್ಲ ಅಂತ ಏಳಿ ಅವ್ಳಿಗೆ."

ಹಿರಿಯರು ಟವೆಲಿನಿಂದ ಕಣ್ಣೊರೆಸಿಕೊಂಡರು. "ಏಳುದ್ರೆ ನಂಬಾಕಿಲ್ಲ ಕಣವ್ವ."

ಅವ್ವನ ಬಗ್ಗೆ ಇಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ. ಅವಳಿಗೆ ನನ್ನ ಕಡೆ ನೋಡಲು ಪುರಸೊತ್ತಿರಲಿಲ್ಲ.

"ನೀವೇಳುದ್ರೆ ನಂಬಾಕಿಲ್ಲ. ನಾನ್ ಬತ್ತೀನಿ, ನಡೀರಿ," ಎಂದು ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಅವರಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.